ಹಾಲುಹಲ್ಲು ಬೀಳುವವರೆಗೆ

ಮಾಗಿ ತಿಂಗಳ ನಲವತ್ತಮೂರನೆಯ ದಿನ, ಇಸವಿ ಎರಡು ಸಾವಿರದ ಇನ್ನೂರ ಹದಿನಾರು
ಲಾಲ್‌ಬಾಗ್ ಬಂಡೆ, ಬೆಂಗಳೂರು

ಫೋನು ಎತ್ತಿ ಹಿಡಿದೇ ಊರು ನೋಡುವ ಹಿರಿಯರಿಗೆ, ಕಲಬುರಗಿ ಕಡೆಯ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಿಮ್ಮ ತಿಂಗಳುಗಳು ಮೂವತ್ತೊಂದಕ್ಕೇ ಸುಸ್ತಾಗಿ ನಿಂತುಬಿಡುತ್ತಿದ್ದವಂತೆ. ನಮ್ಮ ಕಾಲದಲ್ಲಿ ಚಳಿ ಇರುವಷ್ಟು ದಿನವೂ ಮಾಗಿ ತಿಂಗಳೇ. ಅದು ಮುಗಿಯಿತೆಂದು ಹೇಳಲು ಯಾರಿಗೂ ಮನಸ್ಸು ಬರುವುದಿಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಂಡರೆ ಕ್ಷಮಿಸಿ, ಬಂದಲ್ಲಿ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ, ನನಗೂ ಗೊತ್ತಿಲ್ಲ. ವಿಪರೀತ ಸಿಟ್ಟು ಬಂದಿತ್ತು. ಯಾರ ಮೇಲೆ ತೀರಿಸಿಕೊಳ್ಳಲಿ ಎಂದು ಯೋಚಿಸುತ್ತಿದ್ದಾಗ ನೀವು ನೆನಪಾದಿರಿ.

ನಾನು ಈ ಊರಿಗೆ ಬಂದದ್ದು ಚಳಿ ನೋಡಲು. ನಮ್ಮ ಸೀಮೆಯಲ್ಲಿ ಈಗ ಚಳಿ ಇಲ್ಲ, ಇಡೀ ಕನ್ನಡನಾಡಿನಲ್ಲಿ ಅದು ಉಳಿದಿರುವುದು ಈ ಎತ್ತರದ ಊರಿನಲ್ಲಿ ಮಾತ್ರ. ಉಳಿದ ಕಾಲದಲ್ಲಿ ಬಿಸಿಲಿಗೆ ಹಳಿಗಳು ಬಾಗುವುದರಿಂದ ಮಾಗಿಯಲ್ಲಷ್ಟೇ ಓಡುವ ರೈಲು ಒಂದಿದೆ, ಅದನ್ನು ನಾವು ತಂಪುಗಾಡಿ ಎನ್ನುತ್ತೇವೆ. ಅದರಲ್ಲಿ ಬಂದವರು ಕೆರೆ ಏರಿಯ ಮೇಲೆ ಮಂಜು ನೋಡುತ್ತಾರೆ, ಬಾಡಿಗೆಗೆ ಸಿಗುವ ಶಾಲು ಹೊದ್ದು ಗಾಂಧಿಬಜಾರಿನಲ್ಲಿ ಹಲ್ಲು ಕಟಕಟಿಸಿಕೊಂಡು ಅಡ್ಡಾಡುತ್ತಾರೆ, ಹಿತಕಿದ ಅವರೆಬೇಳೆ ಸಾರು ಉಂಡು ಬೆವರುತ್ತಾರೆ. ನನ್ನ ಅಪ್ಪ ಬಸವಂತರಾಯನಿಗೆ ಚಳಿಯಲ್ಲಿ ಮನುಷ್ಯರ ಬಾಯಿಂದ ಹೊಗೆ ಬರುತ್ತದೆ ಎಂದು ಅವನ ಅಜ್ಜ ಹೇಳಿದ್ದನಂತೆ. ಅಪ್ಪನಿಗೆ ಕಣ್ಣಿನ ಬೆಳಕು ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಬರುವ ಕಾಯಿಲೆ. ಪೂರ್ತಿ ಆರುವ ಮೊದಲು ಆ ಹೊಗೆಯ ಪಟವೊಂದನ್ನು ತಂದು ತೋರಿಸುತ್ತೇನೆ ಎಂದು ಮಾತು ಕೊಟ್ಟು ಹೊರಟೆ. "ಮೂರ್ ದಿನದಾಗ ಬಂದುಬಿಡ್ತೀನಿ ಯಪ್ಪಾ, ರೊಟ್ಟಿ ಬುಟ್ಟಿ ತುಂಬಿಸಿಟ್ಟೀನಿ" ಎಂದಿದ್ದೆ. ಅದು ಏಳು ಮಾಗಿಗಳ ಹಿಂದಿನ ಮಾತು.

ಲಾಲ್‌ಬಾಗ್ ಬಂಡೆಯ ಮೇಲೆ ಬೆಳಗಿನ ಮಂಜಿನಲ್ಲಿ ಒಂದು ಗುಂಪು ಬಿಸಿ ಬಿಸಿ ಕಾಫಿ ಕುಡಿಯುತ್ತಾ ಹರಟುತ್ತಿತ್ತು. ಎಲ್ಲರ ಬಾಯಲ್ಲೂ ಹೊಗೆ. ನಾನು ಪಟ ತೆಗೆದೆ. ನಮ್ಮ ಕಾಲದಲ್ಲಿ ಪಟ ತೆಗೆಯುವುದು ತಪ್ಪಲ್ಲ. ಆದರೆ ಪಟದಲ್ಲಿ ಬಿದ್ದ ಪ್ರತಿಯೊಬ್ಬರೂ ನಮ್ಮ ಮುಖ ನೋಡಿ, ತಾವಾಗಿಯೇ "ಬಿಟ್ಟೆ" ಎನ್ನಬೇಕು. ಇದಕ್ಕೆ ಬಿಡುಮಾತು ಎನ್ನುತ್ತಾರೆ. ಅದು ಸಿಗುವವರೆಗೆ ಪಟವೂ ಊರು ಬಿಡುವಂತಿಲ್ಲ, ತೆಗೆದವರೂ ಬಿಡುವಂತಿಲ್ಲ. ಅಳಿಸಿ ಹಾಕುತ್ತೇನೆ ಎಂದರೆ ಇನ್ನೂ ದೊಡ್ಡ ತಪ್ಪು, ಯಾಕೆಂದರೆ ಅಳಿಸಿದೆವು ಎಂದು ನಿಮ್ಮ ಕಾಲದವರು ಎಷ್ಟು ಸುಳ್ಳು ಹೇಳಿದರೋ ಲೆಕ್ಕವಿಲ್ಲ. ಹಾಗಾಗಿ ಪಟ ತೆಗೆದವರು ಅದನ್ನು ಎದೆಗೆ ತೂಗುಹಾಕಿಕೊಂಡು, ತೆಗೆದ ಜಾಗದಲ್ಲೇ ಇರುವ ಕಾಯುವ ಕಟ್ಟೆಯ ಮೇಲೆ ಕೂರುತ್ತಾರೆ. ಓಡಾಡುವವರು ನೋಡಿ, ತಮ್ಮ ಮುಖ ಗುರುತು ಹಿಡಿದು, ಬಿಟ್ಟೆ ಎಂದು ಹೋಗುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮುಗಿಯುವ ಕೆಲಸ. ಅಕ್ಕಪಕ್ಕದ ಬೀದಿಯವರು ಸರದಿಯ ಮೇಲೆ ಮುದ್ದೆ ಸಾರು ತಂದುಕೊಡುತ್ತಾರೆ, ತಮಾಷೆಯನ್ನೂ ಮಾಡುತ್ತಾರೆ.

ನನ್ನವರೂ ಬೇಗ ಬೇಗ ಬಂದರು. ಒಬ್ಬ ಅಜ್ಜ ತನ್ನ ಮಂಕಿ ಟೋಪಿ ಚೆನ್ನಾಗಿ ಬಂದಿದೆ ಎಂದು ಹೊಗಳಿಯೇ ಬಿಟ್ಟೆ ಎಂದ. ಕೊನೆಯವಳಾಗಿ ಬಂದವಳು ಮುನಿಲಕ್ಷ್ಮಿ, ಬಂಡೆಯ ಹಿಂದಿನ ಬೀದಿಯಲ್ಲಿ ಅವರೆಕಾಯಿ ಸುಲಿದು ಮಾರುವವಳು. ಪಟ ನೋಡಿ ನಕ್ಕಳು. ಆಮೇಲೆ ನಗು ನಿಂತಿತು.

"ಅಯ್ಯೋ, ಶಾಲಿನೊಳಗೆ ನಮ್ ಪಾಪು ಇದೆಯಲ್ಲಕ್ಕಾ!"

ಅವಳ ಶಾಲಿನ ಮಡಿಕೆಯಲ್ಲಿ ಹೆಬ್ಬೆರಳಿನಷ್ಟು ಮುಖ. ನನಗೆ ಕಂಡೇ ಇರಲಿಲ್ಲ. ಇಲ್ಲಿಯ ಜನ ಪಟ ತೆಗೆಯುವ ಮುಂಚೆ ಪ್ರತಿ ಶಾಲನ್ನೂ ಬಗ್ಗಿ ನೋಡುತ್ತಾರೆ. ಶಾಲನ್ನೇ ಕಾಣದ ಊರಿನಿಂದ ಬಂದ ನನಗೆ ಅದರೊಳಗೆ ಕೂಸು ಇರಬಹುದು ಎಂದು ಹೊಳೆಯುವುದಾದರೂ ಹೇಗೆ?

ಕೂಸಿನ ಪರವಾಗಿ ತಾಯಿ ಬಿಡುವಂತಿಲ್ಲ. ಈ ಕಟ್ಟಳೆ ಬಂದದ್ದು ನಿಮ್ಮಿಂದಲೇ. ನೀವು ಹೆತ್ತ ಮಕ್ಕಳ ಮೊದಲ ಸ್ನಾನ, ಮೊದಲ ಅಳು, ಮೊದಲ ಜ್ವರ ಎಲ್ಲವನ್ನೂ ಊರಿಗೆ ಹಂಚಿದಿರಿ. ಆ ಮುಖಗಳನ್ನು ಯಾರು ಯಾರೋ ಎತ್ತಿಕೊಂಡು ಏನೇನೋ ಆಡಿಸಿದರು. ಒಂದಿಡೀ ಪೀಳಿಗೆ ಕನ್ನಡಿ ನೋಡಲು ಹೆದರಿಕೊಂಡು ಬೆಳೆಯಿತು. ಆಮೇಲೆ ಹಿರಿಯರು ಕೂತು ನಿರ್ಧರಿಸಿದರು: ಮಗುವಿನ ಬಿಡುಮಾತನ್ನು ಮಗುವೇ ಆಡಬೇಕು, ಮೊದಲ ಹಾಲುಹಲ್ಲು ಬಿದ್ದ ಮೇಲೆ, ಮಾಗಿಗೊಂದೇ ಸಲ, ಪಂಚರ ಎದುರಿಗೆ. ಅಲ್ಲಿಯವರೆಗೆ ಪಟದಲ್ಲಿ ಅದರ ಮುಖದ ಮೇಲೆ ಬಟ್ಟೆಯ ತೇಪೆ ಹಚ್ಚಿರಬೇಕು. ಆ ವಿಷಯವಾಗಿ ಯಾರೂ ಅದಕ್ಕೆ ಏನೂ ಹೇಳಿಕೊಡಬಾರದು. ಹೇಳಿಕೊಟ್ಟ ಬಿಡುಮಾತು ಎಂದೆಂದಿಗೂ ನಡೆಯುವುದಿಲ್ಲ. ಕಟ್ಟಳೆ ಒಳ್ಳೆಯದೇ. ಆದರೆ ಅದು ನನ್ನ ಕೊರಳಿಗೇ ಬೀಳಬೇಕಿತ್ತೇ?

ಹೀಗೆ ನಾನು ಕಟ್ಟೆಯವಳಾದೆ. ಚಳಿ ನೋಡಲು ಬಂದವಳು ಈ ಊರಿನ ಏಳು ಬೇಸಿಗೆಗಳನ್ನೂ ನೋಡಿದೆ. ಮುನಿಲಕ್ಷ್ಮಿಯ ಜೊತೆ ಕೂತು ಅವರೆ ಸುಲಿದು ನನ್ನ ಉಗುರುಗಳಲ್ಲಿ ಸೊನೆಯ ವಾಸನೆ ನಿಂತುಬಿಟ್ಟಿದೆ. ಕೂಸಿಗೆ ತುಂಬೆ ಎಂದು ಹೆಸರಿಟ್ಟರು. ನನ್ನ ಕಣ್ಣೆದುರಿಗೇ ಅವಳು ಮಗುಚಿದಳು, ಅಂಬೆಗಾಲಿಟ್ಟಳು, ನನ್ನ ತೊಡೆಯ ಮೇಲೆ ನಿದ್ದೆ ಹೋದಳು. ಅವಳಿಗೆ ಹಲ್ಲು ಬಂದಾಗ ಎಲ್ಲರೂ ಕುಣಿದರು, ನಾನು ಮಾತ್ರ ಇವು ಯಾವಾಗ ಬೀಳುತ್ತವೋ ಎಂದು ನೋಡುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ದಿನಾ ಬೆಳಿಗ್ಗೆ ಮುನಿಲಕ್ಷ್ಮಿ ಮಗಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ, "ಇನ್ನೂ ಅಲ್ಲಾಡ್ತಾ ಇಲ್ಲ ಕಣಕ್ಕಾ" ಎನ್ನುತ್ತಿದ್ದಳು, ತಾನೇ ತಪ್ಪು ಮಾಡಿದವಳ ಹಾಗೆ. ವಾರಕ್ಕೊಮ್ಮೆ ದೂರಮಾತಿನಲ್ಲಿ, ಅಂದರೆ ಮುಖ ಕಾಣಿಸದ, ದನಿಯಷ್ಟೇ ಹೋಗುವ ತಂತಿಯಲ್ಲಿ, ಅಪ್ಪ ಕೇಳುತ್ತಿದ್ದ: "ಹಲ್ಲ್ ಬಿತ್ತೇನವ್ವಾ?" ಮೊದಲು ಅವನಿಗೆ ಓದಲು ಆಗುತ್ತಿತ್ತು. ಆಮೇಲೆ ಜನರ ಗುರುತಷ್ಟೇ ಸಿಗುತ್ತಿತ್ತು. ಕಳೆದ ಬೇಸಿಗೆಯಲ್ಲಿ ಬಾಗಿಲ ಬೆಳಕೊಂದು ಕಾಣುತ್ತದೆ, ಅದಕ್ಕೆ ಯಾರಾದರೂ ಅಡ್ಡ ನಿಂತರೆ ತಿಳಿಯುತ್ತದೆ ಎಂದ.

ಈ ಮಾಗಿಯಲ್ಲಿ ತುಂಬೆಯ ಹಲ್ಲು ಬಿತ್ತು. ಜೋಳದ ರೊಟ್ಟಿ ಕಡಿಯುವಾಗ, ನಾನು ಬಡಿದ ರೊಟ್ಟಿಯನ್ನೇ ಕಡಿಯುವಾಗ. ನಾನು ಬೀದಿಯಲ್ಲಿ ಕುಣಿದೆ, ಸುಳ್ಳೇಕೆ ಹೇಳಲಿ. ಬಟ್ಟೆಗಂಟು ಕಟ್ಟಿದೆ, ತಂಪುಗಾಡಿಯಲ್ಲಿ ಜಾಗ ಹಿಡಿದೆ. ಕೇಳುವ ದಿನ ಪಂಚರು ಬಂಡೆಯ ಮೇಲೆ ಜಮಖಾನೆ ಹಾಸಿ ಕೂತರು. ಬೀದಿಗೆ ಬೀದಿಯೇ ಬಂದಿತ್ತು. ಪಂಚರಲ್ಲಿ ಹಿರಿಯಳಾದ ಹೆಂಗಸು ತೇಪೆ ಕಿತ್ತು ಪಟವನ್ನು ತುಂಬೆಯ ಕೈಗೆ ಕೊಟ್ಟಳು.

"ಇದ್ರಲ್ಲಿ ನೀನಿದೀಯಾ ನೋಡಮ್ಮ. ಇದ್ರೆ, ನೀಲಕ್ಕನ್ನ ಬಿಡ್ತೀಯೋ ಇಲ್ವೋ ನೀನೇ ಹೇಳು."

ತುಂಬೆ ತುಂಬಾ ಹೊತ್ತು ನೋಡಿದಳು. ಅಮ್ಮನನ್ನು ಗುರುತು ಹಿಡಿದು ನಕ್ಕಳು. ಶಾಲಿನ ಮಡಿಕೆಗೆ ಬೆರಳಿಟ್ಟಳು.

"ಇದು ನಾನಲ್ಲ," ಎಂದಳು. "ಇದು ಯಾವ್ದೋ ಪಾಪು. ಇದಕ್ಕೆ ಒಂದೂ ಹಲ್ಲೇ ಇಲ್ಲ. ನಂಗೆ ನೋಡಿ ಎಷ್ಟಿವೆ." ಬಾಯಿ ತೆರೆದು, ಬಿದ್ದ ಹಲ್ಲಿನ ಕಿಂಡಿ ಸಮೇತ, ಎಲ್ಲರಿಗೂ ತೋರಿಸಿದಳು.

ಯಾರೂ ತಿದ್ದುವಂತಿರಲಿಲ್ಲ. ಮುನಿಲಕ್ಷ್ಮಿ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ನೀನೇ ಕಣೇ ಅದು ಎಂದು ಚೀರಬೇಕೆನಿಸಿತು. ಒಂದು ಮಾತಾಡಿದ್ದರೆ ನನ್ನ ಬಾಗಿಲು ಸಾಯುವತನಕ ಮುಚ್ಚುತ್ತಿತ್ತು. ಹಿರಿಯ ಹೆಂಗಸು ಕನ್ನಡಕ ತೆಗೆದು ಒರೆಸಿಕೊಂಡು, "ತನ್ನದಲ್ಲ ಅಂದ್ಮೇಲೆ ಬಿಡೋಕೆ ಬರಲ್ಲಮ್ಮ. ಬರೋ ಮಾಗಿಗೆ ಮತ್ತೆ ಕೇಳೋಣ" ಎಂದಳು. ಬರುವ ಮಾಗಿಗೆ ತುಂಬೆ ಇನ್ನೂ ದೊಡ್ಡವಳಾಗಿರುತ್ತಾಳೆ. ಆ ಕೂಸಿಗೂ ಅವಳಿಗೂ ಹೋಲಿಕೆ ಇನ್ನಷ್ಟು ಕಡಿಮೆಯಾಗಿರುತ್ತದೆ. ನನಗೆ ಅಷ್ಟು ಲೆಕ್ಕ ಬರುತ್ತದೆ.

ಆ ಸಂಜೆ ಅಪ್ಪನಿಗೆ ಹೇಳಿದೆ. "ಆಗಲಿ ಬಿಡವ್ವಾ. ಬಾಯಾಗಿನ ಹೊಗಿ ಹೆಂಗಿರ್ತದ, ಬಾಯಿಲೇ ಹೇಳು" ಎಂದ. ಹೇಳಿದೆ. ಹೇಳಿ ಮುಗಿಸಿದ ಮೇಲೆ, "ಛಂದ್ ಅದ. ನಿನ್ ಮಾರಿ ಒಮ್ಮಿ ನೋಡ್ಬೇಕಿತ್ತು ನೋಡು" ಎಂದ. ಬಾಗಿಲ ಬೆಳಕು ಇನ್ನೂ ಇದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವನೂ ಹೇಳಲಿಲ್ಲ.

ಹಿರಿಯರೇ, ನಿಮ್ಮಲ್ಲಿ ನನ್ನದೊಂದು ಕೋರಿಕೆ. ಫೋನು ಎತ್ತುವ ಮುಂಚೆ ಶಾಲು ಸರಿಸಿ ನೋಡಿ. ಒಳಗೆ ಕೂಸಿದ್ದರೆ ಕೈ ಕೆಳಗಿಳಿಸಿ. ಮುಂದೆ ಕೇಳಿದರಾಯಿತು ಎಂದುಕೊಳ್ಳಬೇಡಿ; ಕೇಳುವ ಹೊತ್ತಿಗೆ ಆ ಕೂಸು ಎಲ್ಲೂ ಇರುವುದಿಲ್ಲ. ನೀವು ಇಷ್ಟು ಮಾಡಿದ್ದರೆ ನಮಗೆ ಈ ಕಟ್ಟಳೆಯೇ ಬೇಕಿರಲಿಲ್ಲ. ನಾನು ಇವತ್ತು ನಮ್ಮೂರಿನ ಹೊಸ್ತಿಲಲ್ಲಿ, ಅಪ್ಪನ ಬೆಳಕಿಗೆ ಅಡ್ಡ ನಿಂತಿರುತ್ತಿದ್ದೆ.

ಇನ್ನು ನಿಲ್ಲಿಸುತ್ತೇನೆ. ಈ ಮಾಗಿಯ ಕೊನೆಯ ತಂಪುಗಾಡಿ ಈಗ ತಾನೇ ಕೂಗಿತು. ತುಂಬೆ ಬಂದು ಪಕ್ಕದಲ್ಲಿ ನಿಂತಿದ್ದಾಳೆ. ಕೇಳುವ ದಿನ ನಾನು ಅತ್ತದ್ದನ್ನು ನೋಡಿ ಅವಳಿಗೆ ತುಂಬಾ ಸಂಕಟವಾಗಿದೆಯಂತೆ. ಅಂದಿನಿಂದ ನನ್ನ ಕೊರಳಿನ ಪಟ ಕೈಯಲ್ಲಿ ಹಿಡಿದು, ನನ್ನನ್ನೂ ಎಳೆದುಕೊಂಡು, ಬೀದಿ ಬೀದಿ ಅಲೆದು ಕಂಡ ಕಂಡವರ ಶಾಲಿನೊಳಗೆ ಇಣುಕುತ್ತಿದ್ದಾಳೆ. ಪ್ರತಿ ಸಲವೂ ಪಟ ನೋಡಿ, ಕೂಸನ್ನು ನೋಡಿ, ತಲೆಯಾಡಿಸುತ್ತಾಳೆ.

"ಏಳು ನೀಲಕ್ಕಾ, ಇವತ್ತು ಹನುಮಂತನಗರದ ಕಡೆ ಹೋಗೋಣ. ಆ ಪಾಪು ಸಿಕ್ಕೇ ಸಿಗುತ್ತೆ" ಎನ್ನುತ್ತಿದ್ದಾಳೆ.

ಬರುತ್ತೇನೆ.

ನೀಲಗಂಗಾ