ಕಿತ್ತ ಪ್ಲಗ್ಗು

ಬುರುಲ್ಚಾ ಅಕ್ಕ,

ಪ್ರಿಂಟರ್ ಕೊಳ್ಳುವವರು ಇವತ್ತು ಬಂದರೆ, ಮಾರುವುದಿಲ್ಲ ಎಂದು ಹೇಳಿ ಕಳಿಸು. ನೀನು ಆರಿಸಿ ತಂದ ಮಷೀನಿನಲ್ಲಿ ಯಾವ ದೋಷವೂ ಇಲ್ಲ. ನಾವೆಲ್ಲ ಹತ್ತು ದಿನ ಮೇಲಿನ ಹುಲ್ಲುಗಾವಲಿಗೆ ಹೊರಟಾಗ, ಅಪ್ಪ ಮಾಡುತ್ತಿದ್ದ ಹಾಗೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತೆ. ನಮ್ಮ ಪ್ರಿಂಟಿಂಗ್ ಅಂಗಡಿಗೂ ಹೋಗಿ ಮಷೀನಿನದ್ದೂ ಕಿತ್ತೆ. ಕರೆಂಟ್ ಇದ್ದರೆ ಇಂಕು ಬಿಡುವ ಹೆಡ್ಡನ್ನು ಅದೇ ತೊಳೆದುಕೊಳ್ಳುತ್ತದೆ, ಆಫ್ ಮಾಡಬೇಡ ಎಂದು ನೀನು ಎರಡು ಸಲ ಹೇಳಿದ್ದೆ. ಇಂಕು ಒಣಗಿ ಕಟ್ಟಿಕೊಂಡಿತು. ವಾಪಸ್ ಬಂದವನು ಸದ್ದಿಲ್ಲದೆ ಪ್ಲಗ್ಗು ಸಿಕ್ಕಿಸಿ ಬಾಯಿ ಮುಚ್ಚಿಕೊಂಡೆ.

ಪ್ರಿಂಟರ್ ಕೆಟ್ಟ ಸುದ್ದಿ ಕೇಳಿ, ಊಟಕ್ಕೆ ಕೂತವರೆದುರು ಸೋದರಮಾವ, "ಹೆಂಗಸ್ರು ಕುದುರೆ ಆರಿಸಿದ್ರೆ ಕುಂಟು ಕುದುರೇನೇ ಸಿಗೋದು" ಅಂದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ನನ್ನನ್ನು ಒಮ್ಮೆ ನೋಡಿ, "ನಾನೇ ಸರಿಯಾಗಿ ನೋಡ್ಕೊಳ್ಳಲಿಲ್ಲ ಮಾವ" ಅಂದು ಚಹಾ ಬಗ್ಗಿಸಿದೆ.

ಹೆಡ್ಡಿನ ಕೆಳಗೆ ಕ್ಲೀನಿಂಗ್ ಲಿಕ್ವಿಡ್‌ನಲ್ಲಿ ಅದ್ದಿದ ಬಟ್ಟೆ ಇಟ್ಟಿದ್ದೇನೆ, ಮಧ್ಯಾಹ್ನದವರೆಗೆ ಮುಟ್ಟಬೇಡ. ಆಮೇಲೆ ಟೆಸ್ಟ್ ಹಾಳೆ ತೆಗೆದು ನೋಡು. ಬೆಳಿಗ್ಗೆ ಮೂರು ಬಣ್ಣ ಸರಿಯಾಗಿ ಬಂದವು, ಕಪ್ಪು ಗೆರೆ ಮಾತ್ರ ಅಲ್ಲಲ್ಲಿ ತುಂಡಾಗಿತ್ತು. ಅದೂ ಬರುತ್ತದೆ. ಈ ಉಪಾಯವನ್ನೂ ಕಲಿಸಿದವಳು ನೀನೇ.

ಕುರಿಮಾಂಸದ ಸಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು.

ಇವತ್ತು ಮಾವನ ಮನೆಯಲ್ಲಿ, ನಡೆಯಲು ಕಲಿತ ಮೊಮ್ಮಗು ಮುಂದೆ ಎಡವದಿರಲೆಂದು ಅದರ ಕಾಲಿಗೆ ದಾರ ಕಟ್ಟಿ ಕತ್ತರಿಸುವ ಶಾಸ್ತ್ರವಿದೆ. ಅಂದು ನಕ್ಕವರೆಲ್ಲ ಬಂದಿರುತ್ತಾರೆ. ಪ್ಲಗ್ಗು ಕಿತ್ತವನು ನಾನೇ ಎಂದು ಅವರೆದುರೇ ಹೇಳಲು ಹೊರಟಿದ್ದೇನೆ.

ನೀನು ಬರಬೇಡ ಅಕ್ಕ. ನೀನಿದ್ದರೆ ಮತ್ತೆ ನನ್ನನ್ನು ಕಾಪಾಡಿಬಿಡುತ್ತೀಯ.

ಎರ್ಮೆಕ್