ಅದು ಧಾನ್ಯದ ಕೋಣೆಯಲ್ಲ

6 ಜನವರಿ 2025, ಸೋಮವಾರ

ಟೆಸ್ಟ್ ಪೇಪರು ಇನ್ನೂ ನಲವತ್ತು ಬಾಕಿ. ಒಂಬತ್ತನೆಯ ಕ್ಲಾಸಿನ ಅರ್ಧ ಮಂದಿ ಒಂದೇ ಉತ್ತರ, ಒಂದೇ ತಪ್ಪು. ನಕಲು ಹೊಡೆಯುವುದಕ್ಕೂ ಬುದ್ಧಿ ಬೇಕು.

ಹೆಡ್‌ಮಾಸ್ತರು ಕರೆದರು. ಬೈಗುಳ ಅಂದುಕೊಂಡೆ, ಕೆಲಸ ಕೊಟ್ಟರು. ಶಾಲೆಗೆ ಐವತ್ತು ತುಂಬುತ್ತದೆ. ಸ್ಮರಣ ಸಂಚಿಕೆಗೆ ಊರ ಜಮೀನ್ದಾರರ ವಾಡೆಯ ಇತಿಹಾಸ ಬರೆಯಬೇಕಂತೆ. ಶಾಲೆ ನಡೆಸುವುದೇ ವಾಡೆಯವರ ಟ್ರಸ್ಟು. ನಾನು ಆರು ವರ್ಷದಿಂದ ಇತಿಹಾಸದ ಟೀಚರ್, ಇನ್ನೂ ಪರ್ಮನೆಂಟ್ ಆಗಿಲ್ಲ. ಹೂಂ ಅಂದೆ.

11 ಜನವರಿ, ಶನಿವಾರ, ಸಂಜೆ

ಪ್ಯೂನ್ ಸೋಮನಿಂಗ ವಾಡೆ ತೋರಿಸಿದ. ಹಿತ್ತಲಿಗೊಂದು ಕಲ್ಲಿನ ಕೋಣೆ. ಹೊಸ ಬೋರ್ಡು—ಧಾನ್ಯದ ಕೋಣೆ. ಕಿಟಕಿ ಇಲ್ಲ. ದಪ್ಪ ಬಾಗಿಲು, ಅದರಲ್ಲಿ ಅಂಗೈ ಅಗಲದ ಕಿಂಡಿ. ಇದು ಯಾಕೆ ಅಂದೆ. ಸೋಮನಿಂಗ ನೆಲ ನೋಡಿದ. “ನನಗೇನ್ ಗೊತ್ರಿ ಟೀಚರ್” ಅಂದ.

ಮನೆಗೆ ಬಂದು ಆಯಿಯನ್ನು ಕೇಳಿದೆ. ಹೊನ್ನವ್ವ ಆಯಿ, ಅಪ್ಪನ ತಾಯಿ. ಎಂಬತ್ತೇಳು ವರ್ಷ.

“ಧಾನ್ಯದ ಕ್ವಾಣಿ ಅಂತ ಯಾ ಶಾಣ್ಯಾ ಹೇಳ್ದಾ? ಅದು ಜೇಲು. ಸರ್ಕಾರದ್ದಲ್ಲ, ವಾಡೇದವರದ. ಅವರ ಹೊಲಾ ಬಿಟ್ಟಿ ಬಿತ್ತಾಕ ಎತ್ತು ಕೊಡಂಗಿಲ್ಲ ಅಂದಾ ನಮ್ಮಪ್ಪ. ಹತ್ತೊಂಬತ್ತ ದಿನ ಒಳಗ ಹಾಕಿದ್ರು.”

“ಊಟ?”

“ಮನಿಯವರ ಒಯ್ಯಬೇಕು. ದೊಡ್ಡ ರೊಟ್ಟಿ ಕಿಂಡ್ಯಾಗ ಹೋಗ್ತಿದ್ದಿಲ್ಲ. ಮುರದ್ರ ಮಣ್ಣಾಗ ಬೀಳ್ತಿತ್ತು. ಅದಕ್ಕ ನಮ್ಮವ್ವ ಅಂಗೈಯಷ್ಟ ಬಡೀತಿದ್ಲು. ನಾ ಒಯ್ದು ಕೊಡ್ತಿದ್ನಿ. ಅಪ್ಪನ ಮಾರಿ ಕಾಣತಿದ್ದಿಲ್ಲ. ಬರೇ ಬೆರಳ.”

ಎಳ್ಳ ಅಮಾವಾಸ್ಯೆಯ ಮರುದಿನ ನಮ್ಮ ಓಣಿಯ ಮನೆಮನೆಯಲ್ಲೂ ಅಂಗೈ ರೊಟ್ಟಿ ಬಡಿಯುತ್ತಾರೆ. ಮಕ್ಕಳ ಆಟಕ್ಕೆ ಅಂದುಕೊಂಡಿದ್ದೆ. ಶೇಂಗಾ ಹಿಂಡಿ ಹಚ್ಚಿಕೊಂಡು ಇನ್ನೊಂದು ಕೊಡು ಇನ್ನೊಂದು ಕೊಡು ಅಂತ ತಿಂದಿದ್ದೇನೆ, ಮೂವತ್ತು ವರ್ಷ. ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

20 ಜನವರಿ

ಲೇಖನ ಕೊಟ್ಟೆ. ಜೇಲು ಅಂತಲೇ ಬರೆದೆ.

23 ಜನವರಿ, ಮಧ್ಯಾಹ್ನ

ಅಧ್ಯಕ್ಷರು, ವಾಡೆಯ ಚೇತನಕುಮಾರ ಸಾಹೇಬರು, ಕರೆಸಿದರು. ಚಹಾ, ಬಿಸ್ಕೀಟು. ದನಿ ಬೆಣ್ಣೆ.

“ಛಲೋ ಬರದೀರಿ. ಆ ಜೇಲು ಅನ್ನೂದೊಂದು ತಗೀರಿ. ಕಾಗದಾ ಐತೇನ್ರಿ? ಸಾಕ್ಷಿ? ನಿಮ್ಮ ಮನಿ ಮುದುಕಿ ಮಾತು ಇತಿಹಾಸ ಆಗ್ತೈತೇನು?”

“ಜ್ವಾಳಕ್ಕ ರೊಟ್ಟಿ ಕೊಡೂ ಕಿಂಡಿ ಯಾಕ ಬೇಕ್ರಿ ಸಾಹೇಬ್ರ?”

ನಕ್ಕರು. ನನ್ನ ಪರ್ಮನೆಂಟ್ ಆರ್ಡರು ಟೈಪ್ ಆಗಿದೆಯಂತೆ, ಸಹಿಯೊಂದೇ ಬಾಕಿಯಂತೆ. ಬಿಸ್ಕೀಟಿನ ತಟ್ಟೆ ನನ್ನ ಕಡೆ ಸರಿಸಿದರು.

ತೆಗೆಯುವುದಿಲ್ಲ. ಏನು ಮಾಡಿಕೊಳ್ಳುತ್ತಾರೋ ಮಾಡಿಕೊಳ್ಳಲಿ.

4 ಫೆಬ್ರವರಿ

ಸಂಚಿಕೆ ಸಿಂದಗಿಯಿಂದ ಅಚ್ಚಾಗಿ ಬಂತು. ಹನ್ನೆರಡನೆಯ ಪುಟ. “ಬರಗಾಲದಲ್ಲಿ ಊರಿಗೆ ಅನ್ನ ಕೊಟ್ಟ ಧಾನ್ಯದ ಕೋಣೆ.” ಕೆಳಗೆ ನನ್ನ ಹೆಸರು—ಭಾಗ್ಯಜ್ಯೋತಿ, ಎಂ.ಎ., ಬಿ.ಎಡ್.

ನನ್ನ ಹೆಸರು!

ಇನ್ನೊಂದು ತಮಾಷೆ. ಎಂಟನೆಯ ತಾರೀಕಿನ ಸಮಾರಂಭದ ಊಟದ ಪಟ್ಟಿಯಲ್ಲಿ “ವಾಡೆಯ ವಿಶೇಷ: ಅಂಗೈ ರೊಟ್ಟಿ”. ವಾಡೆಯವರು ನಮ್ಮ ಓಣಿಯಲ್ಲಿ ಯಾರದೋ ಮನೆಯಲ್ಲಿ ತಿಂದು, ರುಚಿ ಹತ್ತಿ, ವಾಡೆಯ ಹಳೆಯ ಅಡುಗೆ ಅಂತ ನಂಬಿಬಿಟ್ಟಿದ್ದಾರೆ. ನಮ್ಮ ಹೆಂಗಸರೇ ಐನೂರು ಬಡಿಯಬೇಕಂತೆ. ಆಯಿಗೆ ಹೇಳಿದೆ.

“ಬಡೀತೇವಿ ಅನ್ನು. ತಿನ್ನೂ ಮೊದಲ ಯಾಕ ಸಣ್ಣದು ಅಂತ ಕೇಳ್ಕೊಂಡು ತಿನ್ಲಿ.”

8 ಫೆಬ್ರವರಿ, ಶನಿವಾರ, ಸಂಜೆ 6

ಶಾಲೆಯ ಸಮಾರಂಭ ಮುಗಿಸಿ ಈಗ ಬಂದೆ.

ನಿರೂಪಣೆ ನನ್ನದೇ ಇತ್ತು. ಕೊನೆಗೆ ಊಟಕ್ಕೆ ಕರೆಯಬೇಕು. “ಊಟಕ್ಕೆ ಮೊದಲು, ಈ ರೊಟ್ಟಿ ಇಷ್ಟು ಸಣ್ಣದೇಕೆ ಅಂತ ಹೇಳುತ್ತೇನೆ” ಅಂದೆ. ಆಯಿಯ ಅಪ್ಪನ ಹೆಸರು ಹೇಳಿದೆ, ಖಂಡೆಪ್ಪ ಅಂತ. ಹತ್ತೊಂಬತ್ತು ದಿನ ಅಂದೆ. ಮೈಕು ಬಂದ್ ಆಯಿತು. ಅರವತ್ತು ಮಕ್ಕಳ ಕ್ಲಾಸಿಗೆ ನನಗೆ ಮೈಕು ಯಾರು ಕೊಟ್ಟಿದ್ದರು? ಕೂಗಿಯೇ ಮುಗಿಸಿದೆ. ಹನ್ನೆರಡನೆಯ ಪುಟ ನಾನು ಬರೆದದ್ದಲ್ಲ ಅಂತಲೂ ಕೂಗಿದೆ.

ಚಪ್ಪಾಳೆ ಇಲ್ಲ. ಗದ್ದಲವೂ ಇಲ್ಲ. ಊಟಕ್ಕೆ ಎದ್ದರು. ಕೆಲವರು ರೊಟ್ಟಿ ಮುಟ್ಟಲಿಲ್ಲ. ಕೆಲವರು ತಿಂದರು. ಮುಂದಿನ ಸಾಲಿನಲ್ಲಿ ಆಯಿ ನೆಟ್ಟಗೆ ಕೂತಿದ್ದಳು.

16 ಫೆಬ್ರವರಿ, ಭಾನುವಾರ, ಬೆಳಿಗ್ಗೆ 10

ಸೋಮನಿಂಗ ನೋಟೀಸು ತಂದ. ಟ್ರಸ್ಟಿನ ಹೆಸರು ಕೆಡಿಸಿದ್ದೇನೆ, ನಾಳೆಯಿಂದ ಬರಬಾರದು, ಮಾತಿಗೆ ಆಧಾರವಿದ್ದರೆ ಏಳು ದಿನದಲ್ಲಿ ಹಾಜರುಪಡಿಸಬೇಕು. ಸಹಿ ಮಾಡಿ ಕೊಟ್ಟೆ. ಆಯಿಯ ಮಾತೊಂದೇ ನನ್ನ ಆಧಾರ. ಅದನ್ನೇ ಬರೆದು ಕಳಿಸುತ್ತೇನೆ, ನೂರು ಸಲ ಬೇಕಾದರೂ.

ಸೋಮನಿಂಗ ಹೋಗಲಿಲ್ಲ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತ.

“ಟೀಚರ್, ಆ ಕ್ವಾಣಿ ಕೀಲಿ ನಮ್ಮ ಮುತ್ಯಾನ ಕೈಯಾಗಿತ್ತು. ಹಾಕಾವನೂ ಅವನ, ತಗ್ಯಾವನೂ ಅವನ. ಯಾರ್‍ಯಾರನ್ನ ಹಾಕಿದ್ದಾ ಅಂತ ಸಾಯೂತನಾ ಹೇಳ್ತಿದ್ದಾ. ನನಗ ಬಾಯಿಪಾಠ ಅದಾವ. ಬರ್ಕೊಳ್ರಿ. ನಾ ಸಹಿ ಮಾಡ್ತೇನಿ.”

“ನಿನ್ನ ನೌಕರಿ ಹೋಗ್ತೈತಿ ಸೋಮಣ್ಣ.”

“ಹೋಗ್ಲಿ.”

ಆಯಿ ಒಳಗಿನಿಂದ ಚಾಪೆ ತಂದು ಹಾಸಿದಳು. ಕೀಲಿ ಹಾಕಿದವನ ಮೊಮ್ಮಗನಿಗೆ ಕೂಡಲು ಹೇಳಿದಳು. ಓಣಿಯವರು ನೋಡಿಯಾರು ಅಂತ ನಾನು ಬಾಗಿಲು ಮುಂದೆ ಮಾಡಲು ಎದ್ದೆ. “ಬ್ಯಾಡ್ರಿ, ತಗದ ಇರ್ಲಿ” ಅಂದ.

ಈ ದಿನಚರಿಯಲ್ಲೇ ಬರೆದುಕೊಳ್ಳುತ್ತಿದ್ದೇನೆ, ಬೇರೆ ಹಾಳೆ ಹುಡುಕುವಷ್ಟು ಪುರಸೊತ್ತಿಲ್ಲ. ಮೊದಲು ಮುತ್ಯಾನ ಹೆಸರೇ ಬರೀರಿ ಅನ್ನುತ್ತಿದ್ದಾನೆ, ಆಮೇಲೆ ಒಳಗಿದ್ದವರದು. ಒಂದು—