ಅಟ್ಟಣೆಯ ಮೇಲಿನ ಕೂಗು

ರಾವಂದೂರು
೨೧ ಮೇ ೨೦೨೫

ಪ್ರೀತಿಯ ತಂಗಿ ಪುಷ್ಪಾಳಿಗೆ,

ನಿನ್ನಕ್ಕ ಪ್ರಮೀಳಾಳ ಆಶೀರ್ವಾದ. ಬರೆಯಲು ಕುಳಿತು ಕುಳಿತು ಎದ್ದೆ, ಅದಕ್ಕೇ ತಡವಾಯಿತು. ಸಿಟ್ಟಾಗಬೇಡ. ಫೋನ್ ಮಾಡಿದರೆ ನೀನು “ಆಲು ಉಕ್ತಾ ಅದೆ ಕಣಕ್ಕ” ಎಂದು ಇಟ್ಟುಬಿಡುತ್ತೀಯ. ನಿಮ್ಮನೆ ಹಾಲು ನಾನು ಮಾತಾಡುವಾಗಲೇ ಏಕೆ ಉಕ್ಕುತ್ತದೋ ಕಾಣೆ!

ನಾನು ಚೆನ್ನಾಗಿದ್ದೇನೆ. ಕೆನ್ನೆ ತುಂಬಿದೆ. ಈ ಸಲ ಹೊಗೆಸೊಪ್ಪಿನ ಸಸಿ ನಾನೇ ನಿಂತು ನೆಡಿಸಿದೆ. ಹೋದ ವರ್ಷ ಜ್ವರ, ತಲೆಸುತ್ತು, ವಾಂತಿ ಎಂದಾಗ ಪಕ್ಕದ ಹೊಲದ ಜವರಯ್ಯ, “ಅಸಿ ಸೊಪ್ಪಿನ ನಂಜು ಕಣವ್ವ, ಮಜ್ಜಿಗೆ ಕುಡಿ, ಓಯ್ತದೆ” ಎಂದಿದ್ದರು. ಸೊಪ್ಪು ಮುರಿಯುವವರಿಗೆಲ್ಲ ಹಾಗಾಗುತ್ತದಲ್ಲ, ನಂಬಿದೆ. ಹಂಗಾಮು ಮುಗಿದರೂ ಜ್ವರ ಬಿಡಲಿಲ್ಲ. ಬಾಯಿತುಂಬ ಬಿಳಿ ಅಗ್ರದ ಹುಣ್ಣು, ಆಮೇಲೆ ಕ್ಷಯ. ಆಸ್ಪತ್ರೆಯಲ್ಲಿ ರಕ್ತ ನೋಡಿದಾಗಲೇ ಎಚ್‌ಐವಿ ಎಂದು ತಿಳಿದದ್ದು. ಆಗ ನನ್ನ ಮಗಳು ಅನುಶ್ರೀಯನ್ನು ನೀನು ಹ್ಯಾಂಡ್‌ಪೋಸ್ಟಿನ ನಿನ್ನ ಮನೆಗೆ ಕರೆದೊಯ್ದು ಸಾಕಿದೆ. ಆ ಋಣ ಮರೆಯಲಾರೆ.

ನಿನ್ನ ಹೆದರಿಕೆ ನನಗೆ ಗೊತ್ತು. ಡಾಕ್ಟರು ಹೇಳಿದ್ದನ್ನು ನಮ್ಮ ಮನೆಯ ಮಾತಿನಲ್ಲೇ ಹೇಳುತ್ತೇನೆ, ಕೇಳು. ಅಪ್ಪ ರಾತ್ರಿ ಹೊಲದ ಅಟ್ಟಣೆ ಮೇಲೆ ಕಾವಲು ಕೂತು ಕಾಡುಹಂದಿ ಕಂಡೊಡನೆ ಕೂಗುತ್ತಿದ್ದರು. ಆ ಕೂಗಿಗೆ ಸುತ್ತಲಿನ ಹೊಲದವರು ಪಂಜು ಹಿಡಿದು ಓಡಿಬರುತ್ತಿದ್ದರು. ರಕ್ತದಲ್ಲೂ ಅಂಥ ಕಾವಲಿನ ಕಣಗಳಿವೆ, ಸಿಡಿ ಫೋರ್ ಅಂತ. ರೋಗ ಬಂದರೆ ಕೂಗಿ ಉಳಿದವನ್ನು ಎಬ್ಬಿಸುವುದು ಅವುಗಳ ಕೆಲಸ. ಈ ವೈರಸ್ಸು ಹೊಗುವುದೇ ಅವುಗಳೊಳಗೆ. ಅಲ್ಲೇ ಮರಿಹಾಕಿ ಅವನ್ನೇ ಕೊಲ್ಲುತ್ತದೆ. ಕೂಗುವವರೇ ಇಲ್ಲದ ಮೇಲೆ ಅಗ್ರ, ಕ್ಷಯ ಎಲ್ಲ ಬೇಲಿ ಹಾರಿ ಬಂದವು. ಮಾತ್ರೆ ಅದನ್ನು ಪೂರ್ತಿ ಓಡಿಸುವುದಿಲ್ಲ, ಮರಿಹಾಕಲು ಬಿಡುವುದಿಲ್ಲ ಅಷ್ಟೆ. ನನ್ನ ಕಾವಲಿನವರು ಮತ್ತೆ ಅಟ್ಟಣೆ ಹತ್ತಿದ್ದಾರೆ. ಕ್ಷಯ ವಾಸಿಯಾಯಿತು. ಮೊನ್ನೆಯ ಪರೀಕ್ಷೆಯಲ್ಲಿ ವೈರಸ್ಸು ಕಣ್ಣಿಗೇ ಬೀಳಲಿಲ್ಲ.

“ಪೂರ್ತಿ ವಾಸಿಯಾಗ್ಲಿ ಬುಡಕ್ಕ, ಆಮೇಲೆ ಮಗೀನ ಕರ್ಕೊಂಡೋಗು” ಎನ್ನುತ್ತೀಯ. ಪೂರ್ತಿ ಎನ್ನುವುದು ಇದಕ್ಕಿಲ್ಲ ಪುಷ್ಪಾ. ದಿನಾ ಮಾತ್ರೆ ನುಂಗಬೇಕು, ನುಂಗುತ್ತೇನೆ. ಅನುಶ್ರೀಗೆ ಸೋಂಕಿಲ್ಲ, ಪರೀಕ್ಷೆ ಆಗಿದೆ. ಜೊತೆಗೆ ಉಂಡರೆ, ಅಪ್ಪಿ ಮಲಗಿದರೆ ಇದು ಅಂಟುವುದಿಲ್ಲ. ಅವಳಪ್ಪ ತೀರಿಕೊಂಡ ಮೇಲೆ ನನಗಿರುವವಳು ಅವಳೊಬ್ಬಳೇ. ಶಾಲೆ ತೆರೆಯುವುದರೊಳಗೆ ಮಗಳು ನನ್ನ ಮನೆಯಲ್ಲಿರಬೇಕು. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಅವಳ ಬಟ್ಟೆ ಕಟ್ಟಿಡು.

ನಿನ್ನ ಮನೆ ತಣ್ಣಗಿರಲಿ, ಮಕ್ಕಳ ಹೊಟ್ಟೆ ತುಂಬಿರಲಿ.

ನಿನ್ನ ಅಕ್ಕ,
ಪ್ರಮೀಳಾ

ಮರೆತ ಮಾತು: ಯುಗಾದಿಗೆ ಬಂದಾಗ ನೀನು ನನಗೆ ಬಡಿಸಿದ ತಟ್ಟೆ ನೆನಪಿದೆಯಾ? ಅವ್ವ ನಿನ್ನ ಮದುವೆಗೆ ‘ಮಾಯಮ್ಮ’ ಎಂದು ತನ್ನ ಹೆಸರು ಕೊರೆಸಿ ಕೊಟ್ಟದ್ದು. ಹೊರಡುವಾಗ ಅದನ್ನು ನಿನ್ನ ಹಿತ್ತಿಲ ತಿಪ್ಪೆಯಲ್ಲಿ ಕಂಡೆ. ಅನುಶ್ರೀಯೂ ಕಂಡಳು. “ಚಿಕ್ಕವ್ವ ಯಾಕವ್ವ ಎಸೆದವ್ರೆ?” ಎಂದಳು. ಅಲ್ಲೇ ತೊಳೆದು ಚೀಲಕ್ಕೆ ಹಾಕಿಕೊಂಡೆ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಭಾನುವಾರ ಆ ತಟ್ಟೆ ತರುತ್ತಿದ್ದೇನೆ. ನನಗೂ ಮಗಳಿಗೂ ಅದೊಂದರಲ್ಲೇ ಬಡಿಸು. ನೀನೇ ಬಡಿಸಬೇಕು.